ಮಹೇಶ್ವರಪ್ಪನವರ ಗುರುವಾರದ ಗಾಡಿ

ಸೊರಬದ ಪೇಟೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರಂಗಪ್ಪ ಉಪ್ಪಿನ ಚೀಲಕ್ಕೆ ಬೆನ್ನು ಕೊಟ್ಟು ಗಾಡಿಗೆ ಏರಿಸುತ್ತಾನೆ. ಅದರ ಮಗ್ಗುಲಿಗೆ ಬೆಲ್ಲ, ಸೀಮೆಎಣ್ಣೆ ಡಬ್ಬಿ, ಒಣಮೆಣಸಿನಕಾಯಿ, ಬಾಣಂತಿಯೊಬ್ಬಳಿಗೆಂದು ಬೇರೆಯಾಗಿ ಕಟ್ಟಿದ ಓಮದ ಪೊಟ್ಟಣ. ಅಂಗಡಿಯೊಳಗಿನಿಂದ ಹಾಲಮ್ಮ ಒಂದೊಂದೇ ಸಾಮಾನಿನ ಹೆಸರು ಹೇಳುತ್ತಾರೆ, ಆತ ಹೂಂಗುಡುತ್ತಾನೆ. ಅಲ್ಲಿಂದ ಕ್ಯಾಸನೂರು ಕಡೆಯ ಕಾಡಂಚಿನ ಹಳ್ಳಿಗೆ ಒಂಬತ್ತು ಮೈಲಿ, ಅಲ್ಲಿ ಮೂವತ್ತೆರಡು ಮನೆ. ಒಂದೂವರೆ ವರ್ಷದಲ್ಲಿ ರಂಗಪ್ಪ ತಪ್ಪಿಸಿದ್ದು ಒಂದೇ ಗುರುವಾರ, ಅದೂ ಹಳ್ಳ ತುಂಬಿ ಬಂದಿದ್ದಕ್ಕೆ.

"ನನ್ನ ಬಗ್ಗೆ ಪೇಪರಿಗೆ ಬರಿಯೋಕೆ ಏನೈತ್ರೀ?" ಎನ್ನುತ್ತಾನೆ. "ಬರೀಬೇಕಂದ್ರೆ ಸಾವ್ಕಾರ್ರ ಬಗ್ಗೆ ಬರೀರಿ."

ಶಿಕಾರಿಪುರದ ಕಡೆಯವನಾದ ಆತನಿಗೆ ಈಗ ನಲವತ್ತೈದು. ಹರೆಯದಲ್ಲಿ ಜೋಡೆತ್ತು ಹೊಡೆದುಕೊಂಡು ಸೊರಬಕ್ಕೆ ಬಂದವನನ್ನು ಮೊದಲು ಕೆಲಸಕ್ಕೆ ಕರೆದವರು ಕಿರಾಣಿ ಅಂಗಡಿಯ ಮಹೇಶ್ವರಪ್ಪನವರು, ಹಾಲಮ್ಮನವರ ಗಂಡ. ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಹಾಲಮ್ಮನವರ ಬಲಗೈ ಮುರಿದಿತ್ತು. ಮೂಳೆ ಸೊಟ್ಟಗೆ ಕೂಡಿಕೊಂಡಿತು. ಅಂದಿನಿಂದ ಇಬ್ಬರು ಹೆಣ್ಣುಮಕ್ಕಳ ತಲೆ ಬಾಚುವ ಕೆಲಸ ಅಪ್ಪನದಾಯಿತು. ದಿನಾ ಬೆಳಿಗ್ಗೆ ಅಂಗಡಿ ಕಟ್ಟೆಯ ಮೇಲೇ ಅದು ನಡೆಯುತ್ತಿತ್ತು.

"ಗಿರಾಕಿಗಳು ಎಷ್ಟೇ ಜನ ನಿಂತಿರ್ಲಿ, ಜಡೆ ಹೆಣೆದು ಮುಗಿಯೋ ತನಕ ತಕ್ಕಡಿ ಮುಟ್ತಿರ್ಲಿಲ್ರೀ. ಜನ ನಕ್ಕರೆ, 'ನಿಮ್ಮನೆ ಹೆಣ್ಮಕ್ಕಳನ್ನೂ ಕರ್ಕಂಬರ್ರಿ, ಹಾಕಿ ಕಳಿಸ್ತೀನಿ' ಅಂತಿದ್ರು." ಹೇಳುತ್ತ ರಂಗಪ್ಪ ನಗುತ್ತಾನೆ. ಮರುಗಳಿಗೆಯೇ ಮುಖ ತಗ್ಗಿಸುತ್ತಾನೆ.

ಸಾವಿರದ ಒಂಬೈನೂರ ಐವತ್ತೇಳರ ಬೇಸಿಗೆಯಲ್ಲಿ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಹಿಂದೆಯೇ ಜನರಿಗೆ ಜ್ವರ ಬಂತು. ಮುಟ್ಟಿದರೆ ಅಂಟುತ್ತದೆಂದು ಪೇಟೆಯಲ್ಲೆಲ್ಲ ಗುಲ್ಲು. ಕಾಡಂಚಿನವರು ಉಪ್ಪಿಗೆ ಬಂದರೂ ಅಂಗಡಿಯವರು ದೂರದಿಂದಲೇ ಕೈಬೀಸಿ ಅಟ್ಟುತ್ತಿದ್ದರು. ಮಹೇಶ್ವರಪ್ಪನವರು ಮಾತ್ರ ತಮ್ಮ ಗುರುವಾರದ ಗಾಡಿ ನಿಲ್ಲಿಸಲಿಲ್ಲ. ಹಾಸಿಗೆ ಹಿಡಿದವರ ಮನೆಗಳಿಗೆ ತಾವೇ ಕಾಡಿಗೆ ಹೋಗಿ ಸೌದೆ ಆರಿಸಿ ತಂದು ಹಾಕಿದರು. ರಂಗಪ್ಪ ಗಾಡಿಯಿಂದ ಕೆಳಗಿಳಿಯುತ್ತಿರಲಿಲ್ಲ.

ಮರುವಾರ ಹಳ್ಳಿ ಮುಟ್ಟುವಷ್ಟರಲ್ಲಿ ಮಹೇಶ್ವರಪ್ಪನವರ ಮೈ ಕೆಂಡವಾಗಿತ್ತು. ಸಾಮಾನನ್ನೆಲ್ಲ ಹಂಚಿ ಮುಗಿಸಿ, ಒಂದು ಮನೆಯ ಜಗಲಿ ಮೇಲೆ ಕುಸಿದು ಕೂತರು. "ರಂಗಪ್ಪ, ಗಾಡಿ ತಿರುಗಿಸು. ಆಸ್ಪತ್ರೆಗೆ ಹೋಗಾಣ."

ರಂಗಪ್ಪ ಅವರ ಕೆಂಪಡರಿದ ಕಣ್ಣು ನೋಡಿದ. "ಎತ್ತಿನ ಕಾಲು ಉಳುಕೈತಿ, ಸಾವ್ಕಾರ್ರೇ. ಆಳು ಕೂತ್ರೆ ಎಳೆಯಲ್ಲ. ಪೇಟೆಗೆ ಹೋಗಿ ಬೇರೆ ಗಾಡಿ ಕಳಿಸ್ತೀನಿ."

ಎತ್ತಿಗೆ ಏನೂ ಆಗಿರಲಿಲ್ಲ.

"ಅವ್ರು ಏನಂದ್ರು ಗೊತ್ತೇನ್ರೀ? 'ಹಂಗಾದ್ರೆ ನಿಧಾನಕ್ಕೆ ನಡೆಸ್ಕಂಡು ಹೋಗು, ಪಾಪ ಮೂಕಪ್ರಾಣಿ. ಮನೆಗೆ ಹೋಗಿ ಎಣ್ಣೆ ಕಾಸಿ ತಿಕ್ಕು' ಅಂದ್ರು."

ಬೇರೆ ಗಾಡಿ ಹೋಗಲೇ ಇಲ್ಲ. ಕೇಳಿದ ಹಾಲಮ್ಮನವರಿಗೆ, "ಜನಕ್ಕೆ ನೆರವಾಗೋಕೆ ಅಲ್ಲೇ ಉಳ್ಕಂಡ್ರು" ಎಂದುಬಿಟ್ಟ. ಮೂರನೆಯ ದಿನ ಹಳ್ಳಿಯ ನಾಲ್ವರು ಕಂಬಳಿಯನ್ನು ಬಿದಿರಿಗೆ ಕಟ್ಟಿ, ಅದರಲ್ಲಿ ಅವರನ್ನು ಮಲಗಿಸಿ ಹೊತ್ತು ಆಸ್ಪತ್ರೆಗೆ ತಂದರು. ಎರಡು ದಿನ ಕಳೆದು ಮಹೇಶ್ವರಪ್ಪನವರು ತೀರಿಕೊಂಡರು. ಮೊದಲೇ ತಂದಿದ್ದರೆ ಉಳಿಯುತ್ತಿದ್ದರೋ ಏನೋ, ಡಾಕ್ಟರಿಗೂ ಹೇಳಲಾಗಲಿಲ್ಲ.

"ಮಣ್ಣಿಗೆ ಒಯ್ಯೋವಾಗ ನಾನೂ ಹೆಗಲು ಕೊಟ್ಟೆ. ಎಂಥಾ ನಿಯತ್ತಿನ ಆಳು ಅಂತ ನಾಕು ಜನ ಅಂದ್ರು. ಭೂಮಿ ಬಾಯಿಬಿಟ್ಟು ನನ್ನ ನುಂಗಬಾರದಾ ಅನ್ನಿಸ್ತು."

ಮಳೆಗಾಲ ಮುಗಿದ ಮೇಲೆ ಆರೋಗ್ಯ ಇಲಾಖೆಯವರು ಬಂದು ಜನರನ್ನು ಕೂರಿಸಿ ಹೇಳಿದರು: ಈ ಜ್ವರ ಕಾಡಿನಲ್ಲಿ ಮೈಗೆ ಹತ್ತಿ ರಕ್ತ ಹೀರುವ ಉಣುಗು ಕಚ್ಚಿ ಬರುತ್ತದೆ, ಮನುಷ್ಯರನ್ನು ಮುಟ್ಟಿದರೆ ಬರುವುದಿಲ್ಲ. ರಂಗಪ್ಪ ಸಭೆಯಿಂದ ಎದ್ದವನೇ ನೆಟ್ಟಗೆ ಹಾಲಮ್ಮನವರ ಮುಂದೆ ನಿಂತ. ಎತ್ತಿನ ಕಾಲಿನ ಸುಳ್ಳನ್ನು ಒಂದಕ್ಷರ ಬಿಡದೆ ಒಪ್ಪಿಕೊಂಡ.

ಹಾಲಮ್ಮ ಎದ್ದು ಒಳಗೆ ಹೋದರು. ಆತ ಕಟ್ಟೆಯ ಕೆಳಗೆ ನೆಲದ ಮೇಲೆ ಕೂತ. ಬಿಸಿಲು ನೆತ್ತಿಗೇರಿದಾಗ ಅವರು ಹೊರಗೆ ಬಂದರು, ಕಣ್ಣು ಊದಿಕೊಂಡಿದ್ದವು.

"ನಿನ್ನ ಕ್ಷಮಿಸೋಕೆ ನನ್ನ ಕೈಲಾಗಲ್ಲ, ರಂಗಪ್ಪ. ಆದ್ರೆ ಅವ್ರು ಹೋದ ಮೇಲೆ ಆ ಹಳ್ಳಿಗೆ ಯಾರೂ ಗಾಡಿ ಹೊಡ್ದಿಲ್ಲ. ಗುರುವಾರ ಉಪ್ಪು ಹೋಗ್ಬೇಕು. ಎತ್ತು ಕಟ್ಟು."

ಆ ಗುರುವಾರದಿಂದ ರಂಗಪ್ಪ ಮನೆಮನೆಗೂ ಇಳಿದು ಹೋಗುತ್ತಾನೆ. ಮುದುಕರಿಗೆ ಸೌದೆ ಒಡೆದುಕೊಡುತ್ತಾನೆ. ಕಾಯಿಲೆ ಬಿದ್ದವರನ್ನು ತೋಳಲ್ಲಿ ಎತ್ತಿ ಗಾಡಿಯಲ್ಲಿ ಮಲಗಿಸಿ ಆಸ್ಪತ್ರೆಗೆ ತರುತ್ತಾನೆ. ಇದುವರೆಗೆ ಹತ್ತೊಂಬತ್ತು ಮಂದಿಯನ್ನು ತಂದಿದ್ದಾನೆ. ಆ ಲೆಕ್ಕ ಹಳ್ಳಿಯವರು ಇಟ್ಟದ್ದು, ಆತ ಹೇಳಲೊಲ್ಲ.

ಒಂದೇ ಒಂದು ಆಸೆಯಿದೆ ಅನ್ನುತ್ತಾನೆ. ಮಹೇಶ್ವರಪ್ಪನವರ ಹಿರಿಮಗಳಿಗೆ ಈಗ ಹನ್ನೆರಡು ವರ್ಷ. ಆತನನ್ನು ಮಾವ ಎಂದೇ ಕರೆಯುವ ಆಕೆಗೆ ಈ ಸಂಗತಿ ಗೊತ್ತಿಲ್ಲ; ಹೇಳುವುದೋ ಬಿಡುವುದೋ ರಂಗಪ್ಪನಿಗೇ ಬಿಟ್ಟದ್ದು ಎಂದಿದ್ದಾರೆ ಹಾಲಮ್ಮ. ಭಾನುವಾರ ಅಂಗಡಿಗೆ ಬಂದವರಿಗೆಲ್ಲ ಪೇಪರ್ ಓದಿ ಹೇಳುವುದು ಆ ಹುಡುಗಿಯೇ.

"ನನ್ನ ಸುಳ್ಳನ್ನೂ ಬಿಡದಂಗೆ ಬರೀರಿ. ಎದುರಿಗೆ ಹೇಳೋಕೆ ನಂಗೆ ಬಾಯಿ ಬರ್ತಿಲ್ಲ, ಅವಳೇ ಓದ್ಲಿ. ಆವತ್ತು ನಾನೂ ಅಲ್ಲೇ ಕೂತಿರ್ತೀನಿ. ಈ ಸಲ ಬಿಟ್ಟು ಹೋಗಲ್ರೀ."