ಬಿದ್ದವರನ್ನು ನೋಡುತ್ತಿದ್ದ ಅಜ್ಜಿ

ಹೋದ ತಿಂಗಳು ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನವರು ಮೊಬೈಲಿನಲ್ಲಿ ಯಾವುದೋ ಹಳೇ ಹಿಂದಿ ಸಿನಿಮಾದ ಫೈಟು ಹಾಕಿಕೊಂಡಿದ್ದರು, ಬಸ್ಸಿಗೆಲ್ಲ ಕೇಳುವ ಹಾಗೆ. ಈಗಿನ ಸಿನಿಮಾದ ಏಟಿನ ಸದ್ದೇ ಬೇರೆ, ಆಗಿನದೇ ಬೇರೆ. ಆಗ ಒಂದು ಏಟು ಬಿದ್ದರೆ ತಗಡಿನ ಮೇಲೆ ಒದ್ದೆ ಗೋಣಿಚೀಲ ಬಡಿದಂಥ ಸದ್ದು, ಹಿಂದೆಯೇ ಗಾಜು ಪುಡಿಯಾಗುವುದು, ಆಮೇಲೆ ಯಾರೋ ‘ಆ...’ ಎಂದು ಮೇಲಿನಿಂದ ಬೀಳುವುದು. ಆ ‘ಆ...’ ಕಿವಿಗೆ ಬಿದ್ದದ್ದೇ ತಡ, ನಾನು ಮಾನ ಮರ್ಯಾದೆ ಬಿಟ್ಟು ಅವರ ಮೊಬೈಲಿಗೆ ಬಗ್ಗಿದೆ. ಹೀರೋನನ್ನು ನೋಡಲಿಕ್ಕಲ್ಲ, ಬಿದ್ದವನು ಎದ್ದನೋ ಇಲ್ಲವೋ ನೋಡಲಿಕ್ಕೆ. ಐವತ್ತು ದಾಟಿದ ಹೆಂಗಸಿಗೆ ಇದೆಂಥ ಚಟ ಅಂತ ನೀವು ನಗಬಹುದು. ಇದು ನಮ್ಮಜ್ಜಿಯಿಂದ ಬಂದ ಚಟ.

ನಮ್ಮದು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆ. ಹಿಂದುಗಡೆ ಗೂಡು ಬೇಯಿಸುವ ಒಲೆಗಳು, ಚರಕಗಳು, ಮುಂದುಗಡೆ ನಾವು. ಬಂದ ನೆಂಟರು ಬೆಂದ ಹುಳದ ವಾಸನೆಗೆ ಸೆರಗು ಮೂಗಿಗೆ ಹಿಡಿದರೆ ನಮಗೆ ಆಶ್ಚರ್ಯ, ಯಾವ ವಾಸನೆ ಅಂತ. ನಮ್ಮ ಅನ್ನಕ್ಕೂ ಹಾಸಿಗೆಗೂ ಸ್ಕೂಲಿನ ಪುಸ್ತಕಕ್ಕೂ ಅದೇ ವಾಸನೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಟಿವಿ ತಂದರು, ಮರದ ಬಾಗಿಲು ಸರಿಸಿ ತೆಗೆಯುವಂಥದ್ದು, ಅಜ್ಜಿ ಅದಕ್ಕೂ ಕುಂಕುಮ ಇಟ್ಟಿದ್ದರು. ಭಾನುವಾರ ಸಂಜೆ ಹಿಂದಿ ಸಿನಿಮಾ. ಮನೆಯಲ್ಲಿ ಒಬ್ಬರಿಗಾದರೂ ಹಿಂದಿ ಬರಬೇಕಲ್ಲ! ಹಾಗಾಗಿ ಎದುರುಮನೆಯ ಜುಬೇದಾ ಖಾಲಾ ಬಂದು ಅಜ್ಜಿಯ ಪಕ್ಕ ಕೂರುತ್ತಿದ್ದರು. ಅವರ ಮನೆಯ ಮಕ್ಕಳಂತೆ ನಾವೂ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆವು. ಅವರ ಮನೆಮಾತು ಉರ್ದು. ಪರದೆಯ ಮೇಲೆ ಯಾರು ಏನು ಅಂದರೂ ಅಡಿಕೆ ಜಗಿಯುತ್ತಾ ಅದನ್ನು ಕನ್ನಡಕ್ಕೆ ತಿರುಗಿಸಿ ಅಜ್ಜಿಯ ಕಿವಿಗೆ ಹಾಕುತ್ತಿದ್ದರು. ನಮಗೆಲ್ಲ ಹಿಂದಿ ಸಿನಿಮಾ ಅಂದರೆ ಖಾಲಾ ಹೇಳಿದ್ದೇ.

ಅಜ್ಜಿಗೆ ಆ ಸಿನಿಮಾಗಳಲ್ಲಿ ಹಿಡಿಸಿದ್ದು ಯಾವುದೂ ಇರಲಿಲ್ಲ, ಆದರೆ ಒಂದು ಭಾನುವಾರವೂ ತಪ್ಪಿಸಿದವರಲ್ಲ. ಹಿಮದ ಬೆಟ್ಟದಲ್ಲಿ ತೆಳ್ಳನೆ ಸೀರೆಯುಟ್ಟು ಕುಣಿಯುವ ಹೆಣ್ಣನ್ನು ನೋಡಿ, ಇವಳ ಮನೆಯಲ್ಲಿ ಹೇಳುವವರು ಕೇಳುವವರು ಇಲ್ಲವೇ, ಒಂದು ಶಾಲಾದರೂ ಹೊದಿಸಬಾರದೇ ಎಂದು ಬೆಚ್ಚಿ ಬೀಳುತ್ತಿದ್ದರು. ಹೀರೋ ಒಬ್ಬನೇ ಹನ್ನೆರಡು ಜನಕ್ಕೆ ಹೊಡೆದರೆ, ಆ ಹನ್ನೆರಡು ಜನ ರೇಷನ್ ಅಂಗಡಿಯ ಮುಂದೆ ನಿಂತವರ ಹಾಗೆ ಒಬ್ಬೊಬ್ಬರಾಗಿ ಯಾಕೆ ಬರುತ್ತಾರೆ ಅಂತ ತಕರಾರು. ಎಲ್ಲಕ್ಕಿಂತ ಆಗದೇ ಇದ್ದದ್ದು ಕಾಡು, ಗುಹೆ, ನಿಧಿ ಅಂತ ಅಲೆಯುವ ಸಾಹಸದ ಸಿನಿಮಾಗಳು. ಒಂದರಲ್ಲಿ ಹೀರೋ ಹಗ್ಗದ ಸೇತುವೆ ದಾಟಿ ಹಿಂದಿನಿಂದ ಅದನ್ನು ಕಡಿದು ಹಾಕಿದ. ಸೇತುವೆ ಮೇಲಿದ್ದ ಅಷ್ಟೂ ಜನ ಮೊಸಳೆಗಳ ನಡುವೆ ಬಿದ್ದರು. ಮರುನಿಮಿಷವೇ ಅವನು ಜೊತೆಗಿದ್ದ ಹುಡುಗಿಯ ಸೊಂಟ ಹಿಡಿದು ಹಾಡು ಶುರು ಮಾಡಿದ. ಅಜ್ಜಿ ಬಾಯಿಗೆ ಕೈ ಇಟ್ಟುಕೊಂಡರು. “ಅಷ್ಟು ಜನ ಹೋದ್ರಲ್ಲಪ್ಪ, ಇವನು ಹಾಡು ಹೇಳ್ತಾವನಲ್ಲ!” ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವರು ಮಾತ್ರ ಹಾಡು ಮುಗಿಯುವವರೆಗೂ ಮೊಸಳೆಯ ಹೊಳೆ ಇನ್ನೊಮ್ಮೆ ತೋರಿಸುತ್ತಾರೇನೋ ಎಂದು ಕಾದರು. ಅಜ್ಜಿಯ ತವರು ಆಂಧ್ರದ ಗಡಿ. ಗಾಬರಿಯಾದರೆ ಬಾಯಿಗೆ ಬರುತ್ತಿದ್ದದ್ದು ತೆಲುಗೇ. ಪ್ರತಿ ಫೈಟಿನಲ್ಲೂ, ಬಿದ್ದ ಪ್ರತಿಯೊಬ್ಬನಿಗೂ ಅವರದು ಒಂದೇ ಪ್ರಶ್ನೆ: “ಲೇಚಿನಾಡಾ?” ಎದ್ದನಾ ಅಂತ.

ಅದಕ್ಕೆ ಕಾರಣ ನಮಗೆ ಗೊತ್ತಿತ್ತು, ಗೊತ್ತಿದ್ದೂ ನಗುತ್ತಿದ್ದೆವಲ್ಲ ಅಂತ ಈಗ ನಾಚಿಕೆಯಾಗುತ್ತದೆ. ಅಜ್ಜಿಯ ಕಿರಿಯ ಮಗ, ನಮ್ಮ ಸೀನ ಚಿಕ್ಕಪ್ಪ, ಗರಡಿಯಲ್ಲಿ ಬೆಳೆದ ಆಳು. ಒಲೆಯ ಮುಂದೆ ಕೂರಲಾರೆ ಎಂದು ನಮ್ಮಪ್ಪನ ಜೊತೆ ಜಗಳವಾಡಿ ಬೊಂಬಾಯಿಗೆ ಹೋಗಿದ್ದರು. ಸಿನಿಮಾದಲ್ಲಿ ಬೀಳುವ ಕೆಲಸ ಸಿಕ್ಕಿದೆ, ಹೀರೋ ಹೊಡೆದರೆ ನಾನು ಮೇಲಿನಿಂದ ಬೀಳುವುದು, ಅಮ್ಮನಿಗೆ ಹೆದರಬೇಡ ಅಂತ ಹೇಳಿ ಎಂದು ಕಾಗದ ಬರೆದಿದ್ದರು. ಹೆದರಬೇಡ ಅಂದರೆ ಹೆತ್ತವರು ಹೆದರದೆ ಇರುತ್ತಾರೆಯೇ? ಆಮೇಲೆ ಕಾಗದಗಳು ನಿಂತವು. ಅಪ್ಪನನ್ನು ಕೇಳಿದರೆ, ಅಲ್ಲಿ ಅವನಿಗೆ ಪುರುಸೊತ್ತಿಲ್ಲ ಅನ್ನುತ್ತಿದ್ದರು. ಎರಡು ವರ್ಷ ಹಾಗೇ ಹೋಯಿತು.

ಒಂದು ಭಾನುವಾರ, ಕಟ್ಟುತ್ತಿರುವ ಯಾವುದೋ ದೊಡ್ಡ ಕಟ್ಟಡದ ಮೇಲೆ ಫೈಟು ನಡೆಯುತ್ತಿತ್ತು. ಹೀರೋ ಒದ್ದ ಏಟಿಗೆ ಗೀರಿನ ಬನಿಯನ್ನಿನವನೊಬ್ಬ ಎರಡು ಕೈ ಅಗಲಿಸಿಕೊಂಡು ಕೆಳಗಿದ್ದ ಟೊಮೇಟೊ ಗಾಡಿಯ ಮೇಲೆ ಬಿದ್ದ. ಬೀಳುವ ಮುಂಚೆ ಮುಖ ನಮ್ಮ ಕಡೆ ತಿರುಗಿತ್ತು, ಕಣ್ಣು ಮಿಟುಕಿಸುವಷ್ಟು ಹೊತ್ತು. ಅಜ್ಜಿ ಗೋಡೆ ಹಿಡಿದು ಎದ್ದು ನಿಂತರು. “ನಮ್ಮ ಸೀನ ಕಣೋ” ಎಂದರು, ಅಷ್ಟೇ. ಅಪ್ಪ ಎದ್ದು ಹಿಂದುಗಡೆಗೆ ಹೋದರು. ಕರೆಯಲು ಹೋದರೆ, ಆರಿದ ಒಲೆಗಳ ನಡುವೆ ಕತ್ತಲಲ್ಲಿ ಗೋಡೆಗೆ ಹಣೆ ಒತ್ತಿ ನಿಂತಿದ್ದರು. ತಮ್ಮ ಸಿನಿಮಾದಲ್ಲಿ ಬಂದದ್ದಕ್ಕೆ ಸಂತೋಷ ತಡೆಯಲಾಗದೆ ಅಳುತ್ತಿದ್ದಾರೆ ಎಂದುಕೊಂಡು ನಾನು ಓಡಿ ಬಂದು ಎಲ್ಲರಿಗೂ ಹಾಗೇ ಹೇಳಿದೆ.

ಟಿವಿಯಲ್ಲಿ ಬಂದದ್ದು ಬಂತು, ಹೋಯಿತು. ಇನ್ನೊಂದು ಸಲ ನೋಡುವವರೆಗೂ ಊಟ ಮುಟ್ಟುವುದಿಲ್ಲ ಎಂದು ಅಜ್ಜಿ ಹಟ ಹಿಡಿದರು. ಮೂರನೇ ದಿನ ಖಾಲಾರ ಯಜಮಾನರು, ನಾವು ಸಾಬರು ಅನ್ನುತ್ತಿದ್ದವರು, ಚಿಂತಾಮಣಿಯಿಂದ ಬಾಡಿಗೆಯ ವಿಡಿಯೋ ಹೊತ್ತು ತಂದರು, ಆ ಸಿನಿಮಾದ ಕ್ಯಾಸೆಟ್ಟೂ ಸಿಕ್ಕಿತ್ತು. ಮಟಮಟ ಮಧ್ಯಾಹ್ನ ಕಿಟಕಿಗಳಿಗೆ ಕಂಬಳಿ ಹೊದಿಸಿ ಕೂತೆವು. ಸಾಬರು ಆ ಜಾಗಕ್ಕೆ ಬಂದಾಗ ನಿಲ್ಲಿಸಿದರು. ಗೀರು ಗೀರು ನಡುಗುವ ಚಿತ್ರದಲ್ಲಿ ಚಿಕ್ಕಪ್ಪ ಗಾಳಿಯಲ್ಲಿ ನಿಂತಿದ್ದರು. ಅಜ್ಜಿ ಗಾಜಿನ ಮೇಲೆ ಕೈಯಿಟ್ಟು ಕೆನ್ನೆ ಸವರಿದರು. ಮತ್ತೆ ಬಿಟ್ಟಾಗ ಚಿಕ್ಕಪ್ಪ ಬಿದ್ದರು, ಹಣ್ಣು ಚೆಲ್ಲಾಡಿತು, ಕ್ಯಾಮೆರಾ ಹೀರೋನ ಹಿಂದೆ ಓಡಿಹೋಯಿತು. ಗಾಡಿಯನ್ನು ಮತ್ತೆ ತೋರಿಸಲೇ ಇಲ್ಲ. ಹೀರೋ ಏನೋ ಅಂದ.

“ಏನಂದ, ಜುಬೇದಾ?”

ಖಾಲಾ ಅಡಿಕೆ ಜಗಿಯುವುದನ್ನು ನಿಲ್ಲಿಸಿದರು. “ಆ ಗಾಡಿ ಮೇಲೆ ಬಿದ್ದೋರನ್ನ ಆಸ್ಪತ್ರೆಗೆ ಸೇರ್ಸಿ, ಅವರಮ್ಮಂಗೆ ಹೇಳಿ ಕಳಿಸ್ರಿ, ಅಂತಾನೆ ಅಮ್ಮಾ.”

ಅವತ್ತು ಅಜ್ಜಿ ಉಂಡರು. ನಾನಂತೂ ಆ ಹೀರೋನ ಪಟವನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡೆ. ಎಂಥ ದೊಡ್ಡ ಮನಸ್ಸಪ್ಪ ಇವನದು, ಹೊಡೆದವನೇ ಆಸ್ಪತ್ರೆಗೂ ಸೇರಿಸುತ್ತಾನೆ ಎಂದು ಕ್ಲಾಸಿನಲ್ಲೆಲ್ಲ ಸಾರಿದೆ. ಅಜ್ಜಿ ಇನ್ನು ನಾಲ್ಕು ವರ್ಷ ಬದುಕಿದ್ದರು. ಅವರ ಹಿಂದೆ ಅಪ್ಪನೂ ಹೋದರು. ಒಲೆಗಳನ್ನು ಕಿತ್ತರು, ಮನೆ ಕೈಬಿಟ್ಟಿತು. ಈಗ ಅಲ್ಲಿ ಟೈಲ್ಸ್ ಅಂಗಡಿಯಿದೆ, ಒಳಗೆ ಹೋದರೆ ಸಿಮೆಂಟಿನ ವಾಸನೆ.

ಮದುವೆಯಾಗಿ ಗೌರಿಬಿದನೂರಿಗೆ ಬಂದ ಮೇಲೆ, ಕೇಬಲ್ ಟಿವಿಯ ಕಾಲದಲ್ಲಿ, ಒಂದು ಮಧ್ಯಾಹ್ನ ಬಟ್ಟೆ ಮಡಿಸುತ್ತಾ ಕೂತಿದ್ದಾಗ ಅದೇ ಸಿನಿಮಾ ಬಂತು. ಅಷ್ಟು ಹೊತ್ತಿಗೆ ನನಗೆ ಸ್ಕೂಲಿನ ಹಿಂದಿ ಬರುತ್ತಿತ್ತು. ಚಿಕ್ಕಪ್ಪ ಬಿದ್ದರು, ಹಣ್ಣು ಚೆಲ್ಲಿತು. ಹೀರೋ ಪ್ಯಾಂಟಿನ ಧೂಳು ಕೊಡವಿಕೊಂಡು ನಗುತ್ತಾ ಅಂದ: ಇವತ್ತು ಟೊಮೇಟೊ ಅಗ್ಗ! ಅಷ್ಟೇ ಅವನ ಮಾತು. ಆಸ್ಪತ್ರೆಯಿಲ್ಲ, ಅಮ್ಮನಿಲ್ಲ. ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಇವನಿಗೆ ಮರುಳಾಗಿದ್ದೆನಲ್ಲ, ಥೂ ನನ್ನ ಜನ್ಮಕ್ಕೆ ಅನ್ನಿಸಿತು.

ಮಾರನೇ ದಿನವೇ ಶಿಡ್ಲಘಟ್ಟದ ಬಸ್ಸು ಹತ್ತಿ ಖಾಲಾರ ಮುಂದೆ ಹೋಗಿ ಕೂತೆ. ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಿದ್ದಕ್ಕೆ ಅವರು ನನ್ನ ಕೈ ಹಿಡಿದುಕೊಂಡರು. ಆಮೇಲೆ ಹೇಳಿದರು. ಟಿವಿಯಲ್ಲಿ ನಾವು ಚಿಕ್ಕಪ್ಪನನ್ನು ನೋಡುವ ಹೊತ್ತಿಗೆ ಅವರು ತೀರಿಹೋಗಿ ಎರಡು ವರ್ಷವಾಗಿತ್ತಂತೆ. ಬೇರೊಂದು ಸಿನಿಮಾದಲ್ಲಿ ಬೀಳುವಾಗ ಜಾಗ ತಪ್ಪಿತ್ತು. ಜೊತೆಯವನೊಬ್ಬ ಉರ್ದುವಿನಲ್ಲಿ ಕಾಗದ ಬರೆದಿದ್ದ. ಅಪ್ಪ ಅದನ್ನು ಓದಿಸಿಕೊಳ್ಳಲು ಸಾಬರ ಹತ್ತಿರ ತಂದು, ಅಮ್ಮ ತಡೆಯಲ್ಲ, ಯಾರೂ ಬಾಯಿ ಬಿಡಬೇಡಿ ಎಂದು ಗಂಡ ಹೆಂಡತಿ ಇಬ್ಬರ ಕಾಲನ್ನೂ ಹಿಡಿದಿದ್ದರು. ಗೂಡು ಕೊಳ್ಳಲು ಹೋಗುತ್ತೇನೆಂದು ಹೋಗಿ ಎಲ್ಲೋ ಹೊಳೆಯ ದಂಡೆಯಲ್ಲಿ ತಮ್ಮನ ಕರ್ಮ ಮಾಡಿ ಬಂದರು. ಬೋಳಿಸಿದ ತಲೆಗೆ ಅಜ್ಜಿಯ ಮುಂದೆ ತಿರುಪತಿಯ ನೆಪ ಹೇಳಿದರು. ಅಪ್ಪನ ಆ ಬೋಳುತಲೆ ನನಗೆ ನೆನಪಿದೆ, ನಾವು ಸವರಿ ಸವರಿ ಆಡಿದ್ದೆವು.

“ನಿಮ್ಮಜ್ಜಿಗೆ ಅವತ್ತೇ ಗೊತ್ತಾಗಿತ್ತು ಕಣಮ್ಮ” ಎಂದರು ಖಾಲಾ. “ತಿರುಪತಿಗೆ ಹೋದೋನು ಲಡ್ಡು ತರ್ಲಿಲ್ಲ ಜುಬೇದಾ, ಅಂದ್ರು. ಸಾಯೋಕೆ ಮುಂಚೆ ನಂಗೊಬ್ಬಳಿಗೇ ಹೇಳಿದ್ದು. ದೊಡ್ಡೋನು ನಂಗೋಸ್ಕರ ಮುಚ್ಚಿಟ್ಟವ್ನೆ, ಅವನ ಮುಂದೆ ನಾನು ಅತ್ರೆ ಅವನು ತಡೆಯಲ್ಲ, ಅಂದ್ರು.”

ಅಂದರೆ ಅಷ್ಟೂ ವರ್ಷ, ಭಾನುವಾರದ ಮೇಲೆ ಭಾನುವಾರ, ಎಲ್ಲ ಗೊತ್ತಿದ್ದೇ ಅಜ್ಜಿ ಎದ್ದನಾ ಎದ್ದನಾ ಎಂದು ಕೇಳುತ್ತಿದ್ದರು. ನಾವು ನಗುತ್ತಿದ್ದೆವು. ನಮ್ಮ ಮನೆಯಲ್ಲಿ ತಾಯಿ ಮಗ ಇಬ್ಬರೂ ಒಬ್ಬರಿಗಾಗಿ ಒಬ್ಬರು ಹೆದರಿ, ಒಂದೇ ಸಾವನ್ನು ಬೇರೆ ಬೇರೆ ಮೂಲೆಯಲ್ಲಿ ಕೂತು ಅತ್ತಿದ್ದರು. ಅಜ್ಜಿ ಇನ್ನೇನಾದರೂ ಹೇಳಿದರೇ ಎಂದು ಕೇಳಿದೆ.

“ಕೇಳಿದ್ರು. ಉರ್ದು ಕಾಗದ ಬಂದಿದ್ದು ನಾನೂ ನೋಡಿದ್ದೆ, ಸಾಬ್ರೇ ಓದಿದ್ದಲ್ವಾ, ಸೀನ ಬಿದ್ದಾಗ ಹತ್ರ ಯಾರಾದ್ರೂ ಇದ್ರಾ, ಬಾಯಿಗೆ ನೀರು ಹಾಕಿದ್ರಾ, ಅಂದ್ರು. ಇದ್ರು ಅಮ್ಮಾ, ನೀರು ಹಾಕಿದ್ರಂತೆ, ಕುಡಿದು ಕಣ್ಣು ಮುಚ್ಚಿದ್ರಂತೆ, ಅಂದೆ.”

ಕಾಗದದಲ್ಲಿ ಹಾಗಂತ ಬರೆದಿತ್ತೇ ಎಂದು ನಾನು ಕೇಳಿದೆ.

ಖಾಲಾ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು. “ಕಾಗದದಲ್ಲಿ ಇದ್ದಿದ್ದು ಎರಡೇ ಸಾಲಮ್ಮ. ನೀರು ಹಾಕಿದ್ದು ನಾನು.”