ಬಾವನ ಡಬ್ಬಿಯ ಎರಡು ಡಿಸ್ಕು

ಹದಿನೈದು ದಿನದ ಹಿಂದೆ ಎಣ್ಣೆ ಮಿಲ್ಲಿನವರೊಬ್ಬರು ನನ್ನ ಅಂಗಡಿಗೆ ಒಂದು ಕಪ್ಪು ಡಬ್ಬಿ ತಂದು ಇಟ್ಟು ಹೋದರು. ಮುಚ್ಚಳ ಬಿಚ್ಚಿದ ಕೂಡಲೇ ಶೇಂಗಾ ಹಿಂಡಿಯ ವಾಸನೆ ಮೂಗಿಗೆ ಹೊಡೆಯಿತು. ಚಳ್ಳಕೆರೆಯಲ್ಲಿ ಇದೇನು ಹೊಸದಲ್ಲ. ಮಿಲ್ಲುಗಳಿಂದ ನನ್ನಲ್ಲಿಗೆ ಬರುವ ಕೀಬೋರ್ಡು, ಪ್ರಿಂಟರು ಎಲ್ಲವೂ ಗಾಣದಿಂದ ಎದ್ದು ಬಂದ ಹಾಗೇ ಇರುತ್ತವೆ. ಫ್ಯಾನಿನ ರೆಕ್ಕೆಗೆ ಜಿಡ್ಡು, ಜಿಡ್ಡಿನ ಮೇಲೆ ಧೂಳು. ಅದನ್ನೆಲ್ಲ ಬ್ರಷ್ಷಿನಲ್ಲಿ ಉಜ್ಜಿ ಒಳಗೆ ನೋಡಿದರೆ ಎರಡು ಹಾರ್ಡ್ ಡಿಸ್ಕು, ಅವಳಿ ಮಕ್ಕಳ ಹಾಗೆ ಪಕ್ಕಪಕ್ಕ ಮಲಗಿದ್ದವು. ನನ್ನ ಕೈ ಅಲ್ಲೇ ನಿಂತಿತು. ಇಂಥದೇ ಡಬ್ಬಿಯನ್ನು ನಾನು ಏಳು ವರ್ಷದ ಹಿಂದೆ ಒಮ್ಮೆ ಬಿಚ್ಚಿದ್ದೆ.

ಇಂಥದ್ದು ನಿಮ್ಮ ಮನೆಯಲ್ಲಿ ಇರಲಿಕ್ಕಿಲ್ಲ, ಅದಕ್ಕೇ ಹೇಳುತ್ತೇನೆ. ಒಂದು ಕಚೇರಿಯಲ್ಲಿ ನಾಲ್ಕು ಕಂಪ್ಯೂಟರು ಇದ್ದರೆ ನಾಲ್ಕಕ್ಕೂ ಸೇರಿ ಒಂದು ಕಣಜ ಇದ್ದ ಹಾಗೆ ಇದು. ಎಲ್ಲರೂ ವೈರಿನ ಮೂಲಕ ಇದರಲ್ಲೇ ತುಂಬುತ್ತಾರೆ, ಇದರಿಂದಲೇ ತೆಗೆಯುತ್ತಾರೆ. ಒಳಗಿನ ಡಿಸ್ಕುಗಳು ಹಗಲಿರುಳು ತಿರುಗಲೆಂದೇ ಮಾಡಿದ ಗಟ್ಟಿ ಪಿಂಡಗಳು. ಡಬ್ಬಿ ಹಳತಾದರೆ ಕಚೇರಿಯವರಿಗೆ ಬೇಡವಾಗುತ್ತದೆ. ನಾನು ಡಿಸ್ಕುಗಳನ್ನು ಬಿಚ್ಚಿಕೊಂಡು, ಅಳಿಸಿ, ಹೊಸದಾಗಿ ಫಾರ್ಮ್ಯಾಟ್ ಮಾಡಿ, ಕಾಲೇಜು ಮಕ್ಕಳ ಕಂಪ್ಯೂಟರಿಗೆ ಹಾಕಿಕೊಡುತ್ತೇನೆ. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನಗೆ ಸ್ವಲ್ಪ ಹೆಸರೂ ಇದೆ. ಓದಿದ್ದು ಮಾತ್ರ ಏಳನೇ ಕ್ಲಾಸು. ನನಗೆ ಬರುವ ಇಂಗ್ಲಿಷೆಲ್ಲ ಕಂಪ್ಯೂಟರಿನ ಪರದೆ ಕಲಿಸಿದ್ದು: ಯೆಸ್, ನೋ, ಕ್ಯಾನ್ಸಲ್, ಎರರ್. ಇವುಗಳಲ್ಲಿ ಯೆಸ್ ಒಂದನ್ನೇ ನಾನು ಬಹಳ ಕಾಲ ಧಾರಾಳವಾಗಿ ಬಳಸಿದೆ.

ನಾವು ಮೊಳಕಾಲ್ಮೂರಿನ ಮಗ್ಗದ ಮನೆಯವರು. ಮನೆಯೊಳಗೆ ತೆಲುಗು, ಹೊಸಿಲು ದಾಟಿದರೆ ಕನ್ನಡ. ಅಕ್ಕ ಮಾತ್ರ ಕೋಪ ಬಂದರೆ ಮನೆಯೊಳಗೂ ಕನ್ನಡಕ್ಕೆ ಹೊರಳುತ್ತಾಳೆ. ಆಗ ನಾವೆಲ್ಲ ಚಪ್ಪಲಿ ಹುಡುಕಿಕೊಳ್ಳುತ್ತಿದ್ದೆವು. ರೇಷ್ಮೆ ಸೀರೆ ನೇಯುವವರಲ್ಲಿ ಒಂದು ಪದ್ಧತಿ ಇದೆ. ಸೀರೆ ಮುಗಿಸಿ ಕತ್ತರಿಸುವಾಗ ಮಗ್ಗದ ಮೇಲಿನ ಹಳೆಯ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಪೂರ್ತಿ ತೆಗೆಯುವುದಿಲ್ಲ, ಒಂದು ಗೇಣು ಉಳಿಸುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ಹಳೆಯ ಎಳೆಯ ತುದಿಗೆ, ಬೆರಳಿಗೆ ಬೂದಿ ಸವರಿಕೊಂಡು, ಹೊಸೆದು ಸೇರಿಸುತ್ತಾರೆ. ಕೆಚ್ಚುವುದು ಅನ್ನುತ್ತಾರೆ ಅದಕ್ಕೆ. ಆ ಗೇಣುದ್ದ ಹಳೆಯದು ಇಲ್ಲದೆ ಹೋದರೆ ಸಾವಿರಾರು ಎಳೆಗಳನ್ನೂ ಮೊದಲಿಂದ ಮಗ್ಗದೊಳಗೆ ಪೋಣಿಸಬೇಕು.

ಹನ್ನೆರಡು ವರ್ಷದವನಿದ್ದಾಗ, ಮಗ್ಗ ಚೊಕ್ಕಟ ಮಾಡುತ್ತೇನೆಂದು ನಾನು ಆ ಗೇಣನ್ನೂ ಕತ್ತರಿಸಿ ಒಗೆದೆ. ನಾಯನ, ಅಂದರೆ ನಮ್ಮಪ್ಪ, ಬಂದು ನೋಡಿ, ಯಾರು ಮಾಡಿದ್ದೆಂದು ಕೇಳಿದರು. ಅಕ್ಕ ನನ್ನ ಮುಖ ನೋಡಿ, ನಾನೇ ಅಂದಳು. ಏಟು ಅವಳಿಗೆ ಬಿತ್ತು. ನಾಲ್ಕು ದಿನ ಮಗ್ಗದ ಗುಂಡಿಯಲ್ಲಿ ಕೂತು ಪೋಣಿಸಿದವಳೂ ಅವಳೇ. ನನಗೆ ಹೇಳಿದ್ದು ಒಂದೇ ಮಾತು, ಅದೂ ಕನ್ನಡದಲ್ಲಿ: “ಕತ್ರಿ ಹಿಡಿಯೋಕ್ ಮುಂಚೆ ಕೇಳ್ಬೇಕು ಕಣಲೇ.”

ಅಕ್ಕನನ್ನು ಅದೇ ಊರಿನಲ್ಲಿ, ನಾಲ್ಕು ಬೀದಿ ಆಚೆ ಕೊಟ್ಟಿದ್ದರು. ಬಾವ ಸೀರೆಗೆ ನಕ್ಷೆ ಬರೆಯುವವರು. ಅವರ ತಂದೆಯೂ ಅದನ್ನೇ ಮಾಡುತ್ತಿದ್ದವರು. ಇಬ್ಬರೂ ಸಣ್ಣ ಚೌಕಗಳ ಹಾಳೆಯ ಮೇಲೆ ಒಂದೊಂದೇ ಚೌಕಕ್ಕೆ ಬಣ್ಣ ತುಂಬಿ ಅಂಚು, ಸೆರಗು, ಬುಟ್ಟಾ ಎಲ್ಲ ಬರೆದಿಟ್ಟಿದ್ದರು. ನಮ್ಮ ಗುಡ್ಡದ ಸೀತಾಫಲವನ್ನು ಸೀರೆಗೆ ತಂದ ಒಂದು ಬುಟ್ಟಾ ಇತ್ತು. ಆ ಹಣ್ಣಿನ ಒಂದೊಂದು ಕಣ್ಣೂ ಎಣಿಸುವ ಹಾಗಿತ್ತು. ಹಾಳೆಗಳು ಹಪ್ಪಳವಾಗಿದ್ದವು. ಬಾವ ಹೇಗೋ ಕಂಪ್ಯೂಟರು ಕಲಿತು, ಎರಡು ವರ್ಷ ಮಧ್ಯಾಹ್ನದ ಊಟವಾದ ಮೇಲೆಲ್ಲ ಕೂತು ಆ ಹಾಳೆಗಳನ್ನು ಒಂದೊಂದಾಗಿ ಒಳಗೆ ಸೇರಿಸಿದರು. ಅದಕ್ಕೆಂದೇ ತರಿಸಿದ್ದು ಆ ಕಪ್ಪು ಡಬ್ಬಿ. ನಿಮ್ಮ ಬಾವ ಮಗಳಿಗಿಂತ ಹೆಚ್ಚಾಗಿ ಡಬ್ಬಿಗೇ ಉಣಿಸುತ್ತಾರೆ ಎಂದು ಅಕ್ಕ ಆಡಿಕೊಳ್ಳುತ್ತಿದ್ದಳು.

ಅಕ್ಕನೂ ಒಂದು ಅಂಚು ಬರೆದಿದ್ದಳು. ಜೀವನದಲ್ಲಿ ಒಂದೇ ಒಂದು. ಅದು ಯಾರ ಕಣ್ಣಿಗೂ ಬೀಳದೆ ಹೋಯಿತು. ಬಾವ ಒಮ್ಮೆ ನನ್ನೆದುರೇ ಅವಳಿಗೆ ಹೇಳಿದರು: “ನಿಂದೂ ಹಾಕಿದೀನಿ. ನಿನ್ನ ಹೆಸರಲ್ಲೇ ಬೇರೆ ಇಟ್ಟಿದೀನಿ, ಅಪ್ಪನ ಪಕ್ಕದಲ್ಲಿ.” ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ನಿಮ್ಮಪ್ಪ ಎದ್ದು ಹೋಗ್ತಾರೆ” ಅಂದಳು. ಆ ನಗು ನನಗೆ ಈಗಲೂ ಕಾಣುತ್ತದೆ. ಆ ವರ್ಷ ಮಳೆಗಾಲದಲ್ಲಿ ಹಾಳೆಗಳ ಕಟ್ಟಿಗೆ ಗೆದ್ದಲು ಹಿಡಿದಾಗ ಇಬ್ಬರೂ ಅಷ್ಟಾಗಿ ಮರುಗಲಿಲ್ಲ. ಎಲ್ಲ ಡಬ್ಬಿಯಲ್ಲಿದೆಯಲ್ಲ.

ಬಾವ ಜ್ವರವೆಂದು ಮಲಗಿದವರು ಎಂಟು ದಿನದಲ್ಲಿ ಹೋದರು. ಅವರ ಪಟವನ್ನು ಅಕ್ಕ ಮಗ್ಗದ ಎದುರಿನ ಗೋಡೆಗೆ ಹಾಕಿಸಿದಳು. ಬೆಳಿಗ್ಗೆ ಗುಂಡಿಗೆ ಇಳಿದು ಕಾಲು ಚಾಚಿದ ಮೇಲೆ ಅವರ ಜೊತೆ ಮಾತು. ಇವತ್ತು ಕಂದು ಬಣ್ಣ ಹಾಕಿದೀನಿ, ಜರಿ ಸರಿಯಿಲ್ಲ, ಭಾರತಿ ಊಟ ಬಿಟ್ಟು ಹೋದಳು. ಭಾರತಿ ಅವಳ ಮಗಳು. ನಾನು ಹೋದಾಗ ಎಷ್ಟೋ ಸಲ ಬಾಗಿಲಲ್ಲಿ ನಿಂತು ಆ ಮಾತು ಮುಗಿಯಲೆಂದು ಕಾದದ್ದಿದೆ.

ವರ್ಷ ಕಳೆದ ಮೇಲೆ ಭಾರತಿ ಕಾಲೇಜಿಗೆ ಸೇರಿದಳು. ಅವಳಿಗೊಂದು ಕಂಪ್ಯೂಟರು ಜೋಡಿಸಿಕೊಡುವುದು ಮಾವನಾದ ನನ್ನ ಪಾಲಿಗೆ ಬಂತು. ಅಷ್ಟರಲ್ಲಿ ಡಬ್ಬಿ ಸುಟ್ಟು ನಿಂತಿತ್ತು. ಅಕ್ಕ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ಅವರು ಇಟ್ಟದ್ದನ್ನೆಲ್ಲ ಮೊದಲು ಬೇರೆ ಕಡೆ ತೆಗೆದಿಡು, ಆಮೇಲೆ ಡಿಸ್ಕು ಬೇಕಾದರೆ ಹುಡುಗಿಗೆ ಹಾಕು ಅಂದಳು.

ಅಂಗಡಿಗೆ ತಂದು ಡಿಸ್ಕು ಬಿಚ್ಚಿ ನನ್ನ ಕಂಪ್ಯೂಟರಿಗೆ ಸಿಕ್ಕಿಸಿದೆ. ಪರದೆಯ ಮೇಲೆ ಒಂದು ಪ್ರಶ್ನೆ ಬಂತು: ಈ ಡಿಸ್ಕನ್ನು ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಹೊಸ ಡಿಸ್ಕಿಗೂ ಹೀಗೇ ಕೇಳುತ್ತದೆ, ಖಾಲಿ ಡಿಸ್ಕಿಗೂ ಹೀಗೇ ಕೇಳುತ್ತದೆ. ಇನ್ನೊಂದನ್ನು ಸಿಕ್ಕಿಸಿದೆ. ಅದೂ ಅದನ್ನೇ ಕೇಳಿತು. ಎರಡೂ ಖಾಲಿ ಅಂದುಕೊಂಡೆ. ಮನಸ್ಸಿನ ಮೂಲೆಯಲ್ಲಿ ಏನೋ ಕಚ್ಚಿದ್ದು ನಿಜ. ಡಬ್ಬಿಯ ಡಿಸ್ಕು ಓದಲು ಬೇರೆ ದಾರಿ ಇದೆಯೆಂದು ಯಾರೋ ಅಂದದ್ದನ್ನು ಅರ್ಧ ಕಿವಿಯಲ್ಲಿ ಕೇಳಿದ್ದೆ. ಆದರೆ ಅಂಗಡಿಯಲ್ಲಿ ಗಿರಾಕಿ ನಿಂತಿದ್ದರು, ಇನ್ನೊಬ್ಬರನ್ನು ಕೇಳಿದರೆ ನನ್ನ ಹೆಸರಿಗೆ ಕಡಿಮೆ. ಯೆಸ್ ಒತ್ತಿದೆ.

ಬೇರೆಯವರು ಮೇಲೆ ಮೇಲೆ ಫಾರ್ಮ್ಯಾಟ್ ಮಾಡಿ ಬಿಡುತ್ತಾರೆ. ಹಾಗೆ ಮಾಡಿದ್ದರೆ ಗೊತ್ತಿದ್ದವರು ಆಮೇಲೂ ಏನಾದರೂ ಹೆಕ್ಕಿ ತೆಗೆಯಬಹುದಿತ್ತು. ನಾನು ಅಕ್ಕನ ಮಗಳಿಗೆಂದು ಮುತುವರ್ಜಿ ವಹಿಸಿ, ಮೂಲೆ ಮೂಲೆಯನ್ನೂ ಸೊನ್ನೆಯಿಂದ ತುಂಬುವ ಪೂರ್ತಿ ಫಾರ್ಮ್ಯಾಟ್ ಮಾಡಿದೆ. ಬೆಳಿಗ್ಗೆ ಶುರುವಾದದ್ದು ಸಂಜೆವರೆಗೆ ನಡೆಯಿತು. ನಡುವೆ ಎರಡು ಸಲ ಚಹಾ ಕುಡಿದೆ. ಒಂದು ಡಿಸ್ಕನ್ನು ಭಾರತಿಯ ಕಂಪ್ಯೂಟರಿಗೆ ಹಾಕಿದೆ, ಇನ್ನೊಂದನ್ನು ಯಾರಿಗೋ ಮಾರಿದೆ.

ಕಂಪ್ಯೂಟರು ತಲುಪಿಸಲು ಹೋದ ದಿನ ಅಕ್ಕ ಕೇಳಿದಳು. ನಾನು ತಲೆ ಎತ್ತದೆ ವೈರು ಜೋಡಿಸುತ್ತಲೇ ಹೇಳಿದೆ: “ಅದ್ರಲ್ಲಿ ಏನೂ ಇರಲಿಲ್ಲಕ್ಕ.”

“ಏನೂನಾ?”

“ಏನೂ. ಎರಡೂ ಖಾಲಿ.”

ಅಕ್ಕ ಒಳಗೆ ಹೋಗಿ ತಟ್ಟೆ ತಂದಳು. ನನಗೆ ಊಟ ಬಡಿಸಿದಳು. ಎರಡು ತಿಂಗಳು ಬಿಟ್ಟು ಹೋದಾಗ ಬಾವನ ಪಟ ಮಗ್ಗದ ಎದುರು ಇರಲಿಲ್ಲ. ಧೂಳು ಬೀಳುತ್ತದೆಂದು ಒಳಕೋಣೆಗೆ ಹಾಕಿದೆ ಅಂದಳು. ಮಗ್ಗದ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಅಷ್ಟು ಹೊತ್ತಿಗೂ ನಾನು ಕಟ್ಟಿಕೊಂಡದ್ದು ಅಜ್ಞಾನ ಮಾತ್ರ. ಪಾಪ ಆಮೇಲಿನದು.

ಕೆಲವು ತಿಂಗಳಾದ ಮೇಲೆ ಒಬ್ಬ ಗಿರಾಕಿ ಇಂಥದೇ ಡಿಸ್ಕು ತಂದರು. ನನ್ನ ಪರದೆ ಮಾಮೂಲಿ ಪ್ರಶ್ನೆ ಕೇಳಿತು. ಖಾಲಿ ಇದೆ ಸಾರ್ ಅಂದೆ. ಅವರು ನಕ್ಕು, ಜೇಬಿನಿಂದ ಒಂದು ಪೆನ್ ಡ್ರೈವ್ ತೆಗೆದು, ನನ್ನ ಕಂಪ್ಯೂಟರನ್ನೇ ಬೇರೊಂದು ಸಿಸ್ಟಮ್ಮಿನಲ್ಲಿ ಎಬ್ಬಿಸಿದರು. ಖಾಲಿ ಎಂದ ಡಿಸ್ಕಿನಿಂದ ಫೋಟೋಗಳು ಸಾಲುಸಾಲಾಗಿ ಬಂದವು. ಡಬ್ಬಿ ಬರೆಯುವ ಬಗೆ ಬೇರೆ, ನಿಮ್ಮ ಮಿಷನ್ನಿಗೆ ಅದನ್ನು ಓದಲು ಬರುವುದಿಲ್ಲ ಅಷ್ಟೇ, ಎಂದು ಅವರು ತಿಳಿಸಿ ಹೇಳಿದರು. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು ಎರಡರಲ್ಲೂ ಅದನ್ನೇ ಇಟ್ಟಿರುತ್ತಾರಂತೆ. ಏಳನೇ ಕ್ಲಾಸಿನಲ್ಲಿ ನಮ್ಮನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿ ಅಶೋಕನ ಶಾಸನದ ಬಂಡೆ ತೋರಿಸಿದ್ದರು. ಏನೂ ಬರೆದಿಲ್ವಲ್ಲ ಸಾರ್ ಎಂದು ಕೇಳಿದ ಹುಡುಗ ನಾನೇ. ಮೇಷ್ಟ್ರು ತಲೆಗೆ ಮೊಟಕಿದ್ದರು. ಆ ಮೊಟಕು ಸಾಕಾಗಲಿಲ್ಲ ಅಂತ ಕಾಣುತ್ತದೆ.

ಅವತ್ತೇ ಬಸ್ಸು ಹತ್ತಬಹುದಿತ್ತು. ಹತ್ತಲಿಲ್ಲ. ಹಬ್ಬ ಮುಗಿಯಲಿ ಅಂದುಕೊಂಡೆ, ಭಾರತಿಯ ಪರೀಕ್ಷೆ ಮುಗಿಯಲಿ ಅಂದುಕೊಂಡೆ, ಹಳೆಯದನ್ನು ಕೆದಕಿ ಅಕ್ಕನಿಗೆ ಯಾಕೆ ನೋವು ಅಂದುಕೊಂಡೆ. ಆರು ವರ್ಷವಾಯಿತು. ಆ ನಡುವೆ ಒಮ್ಮೆ ಅಕ್ಕ, ಎಳೆ ಬಿಡಿಸುತ್ತಾ, ಯಾರಿಗೋ ಹೇಳುವ ಹಾಗೆ ಅಂದಳು: “ಹಾಕಿಲ್ಲ ಅಂತ ಹೇಳಿದ್ರೆ ನಾನೇನ್ ಬೈತಿದ್ನಾ? ಎರಡು ವರ್ಷ ಆ ರೂಮಲ್ಲಿ ಕೂತು ಸುಳ್ಳು ಯಾಕ್ ಹೇಳ್ಬೇಕಿತ್ತು?” ಬಾವನ ಮೇಲಿನ ಮಾತು ಅದು. ನಾನು ಎದುರಿಗೇ ಇದ್ದೆ. ಚಹಾ ಆರುತ್ತಿದೆ ಎಂದು ಕುಡಿದೆ.

ಮಿಲ್ಲಿನ ಡಬ್ಬಿ ಬಂದ ಮಾರನೆಯ ದಿನ ಅಂಗಡಿ ತೆರೆಯಲಿಲ್ಲ. ಬಳ್ಳಾರಿ ಬಸ್ಸು ಹತ್ತಿ ನಮ್ಮ ತಾಲ್ಲೂಕಿನ ಹಾನಗಲ್ಲಿನಲ್ಲಿ ಇಳಿದು ಮೊಳಕಾಲ್ಮೂರಿಗೆ ಹೋದೆ. ಭಾರತಿ ಕೆಲಸಕ್ಕೆ ಹೋಗಿದ್ದಳು. ಅಕ್ಕ ಮಗ್ಗದ ಮುಂದೆ ಹೊಸ ಹಾಸು ಕೆಚ್ಚುತ್ತಿದ್ದಳು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ನಾನು ಕೂರದೆ, ನಿಂತೇ ಎಲ್ಲ ಹೇಳಿದೆ. ಪ್ರಶ್ನೆ ಬಂದದ್ದು, ಯೆಸ್ ಒತ್ತಿದ್ದು, ಗಿರಾಕಿ ತೋರಿಸಿದ್ದು. ಅವಳ ಬೆರಳು ಹೊಸೆಯುವುದನ್ನು ನಿಲ್ಲಿಸಲಿಲ್ಲ. ಕೇಳಿದಳು, ಕನ್ನಡದಲ್ಲಿ:

“ನಿಂಗೆ ಯಾವಾಗ ಗೊತ್ತಾತು?”

“ಆರು ವರ್ಷ ಆತಕ್ಕ.”

ಬೆರಳು ನಿಂತಿತು. ಹೊಸೆದ ಎಳೆ ಬಿಚ್ಚಿಕೊಂಡಿತು.

“ಹಂಗಾರೆ ಅವ್ರು ಹಾಕಿದ್ರು.”

“ಹಾಕಿದ್ರಕ್ಕ. ನಿಂದೂ ಇದ್ದಿರ್ಬೇಕು. ನಾನ್ ನೋಡ್ಲೇ ಇಲ್ಲ.”

ಅವಳು ತನ್ನ ಬೂದಿ ಹತ್ತಿದ ಬೆರಳನ್ನು ನೋಡಿಕೊಂಡಳು. “ನಾನು ಅವ್ರತ್ರ ಮಾತು ಬಿಟ್ಟಿದ್ದೆ ಕಣೋ” ಅಂದಳು. ಅಳಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಆಮೇಲೆ ಕೇಳಿದಳು, ಆ ಡಿಸ್ಕು ಇನ್ನೂ ಹುಡುಗಿಯ ಕಂಪ್ಯೂಟರಿನಲ್ಲೇ ಇದೆಯಾ ಎಂದು. ಇದೆ ಅಂದೆ. ಇನ್ನೊಂದು ಎಲ್ಲಿ ಎಂದಾಗ, ಮಾರಿದೆ ಅಂದೆ, ಯಾರಿಗೆಂದು ನೆನಪಿಲ್ಲ ಅಂದೆ.

“ಇರೋದ್ ಬಿಚ್ಚಿ ಕೊಡು.”

“ಅದ್ರಲ್ಲಿ ಏನೂ ಇಲ್ಲಕ್ಕ ಈಗ.”

“ಗೊತ್ತು. ಇದ್ದಿದ್ದು ಅದ್ರಲ್ಲೇ ಅಲ್ವಾ?”

ಚೀಲದಲ್ಲಿ ಬೇರೊಂದು ಡಿಸ್ಕು ಇತ್ತು. ಭಾರತಿಯ ಲೆಕ್ಕ, ಪತ್ರ, ಫೋಟೋ ಎಲ್ಲವನ್ನೂ ಅದಕ್ಕೆ ತೆಗೆದಿಟ್ಟು, ಎರಡೆರಡು ಸಲ ತೆರೆದು ನೋಡಿ, ಆಮೇಲೆ ಹಳೆಯದನ್ನು ಬಿಚ್ಚಿದೆ. ಆರೇಳು ವರ್ಷ ತಿರುಗಿದರೂ ಗಟ್ಟಿಯಾಗಿಯೇ ಇತ್ತು. ಅಕ್ಕ ಅದನ್ನು ಸೆರಗಿನಲ್ಲಿ ಒರೆಸಿದಳು. ಊಟ ಮಾಡಿಕೊಂಡು ಹೋಗು ಎನ್ನಲಿಲ್ಲ. ನನ್ನ ಬುದ್ಧಿ ಬಲಿತ ಮೇಲೆ ಆ ಮನೆಯಿಂದ ಹಸಿದು ಬಂದದ್ದು ಅದೇ ಮೊದಲು.

ಅಕ್ಕ ಇನ್ನೂ ಫೋನು ಮಾಡಿಲ್ಲ. ಮಿಲ್ಲಿನ ಡಿಸ್ಕುಗಳು ನನ್ನ ಮೇಜಿನ ಮೇಲೆಯೇ ಇವೆ. ಸಿಕ್ಕಿಸಿದರೆ ಪರದೆ ಅದೇ ಪ್ರಶ್ನೆ ಕೇಳಿತು, ನೋ ಒತ್ತಿದೆ. ಆ ಗಿರಾಕಿ ಕಲಿಸಿದ ಹಾಗೆ ಪೆನ್ ಡ್ರೈವಿನಿಂದ ತೆರೆದು ನೋಡಿದೆ, ತುಂಬಾ ಇದೆ. ಮಿಲ್ಲಿನವರಿಗೆ ಫೋನು ಮಾಡಿದರೆ ನಕ್ಕುಬಿಟ್ಟರು: “ಏನಿರ್ತೈತಪ್ಪಾ ಅದ್ರಲ್ಲಿ, ಅಳಿಸಿ ಬಿಸಾಕು.” ಒಂದು ಸಲ ಬಂದು ನೋಡಿ ಹೋಗ್ರಿ ಅಂದಿದ್ದೇನೆ. ನಾಳೆ ಬರುತ್ತೇನೆ ಅನ್ನುತ್ತಲೇ ಇದ್ದಾರೆ. ಕಾಯುತ್ತೇನೆ. ಹಿಂಡಿಯ ವಾಸನೆ ಅಂಗಡಿ ತುಂಬಾ ಇದೆ.

ಮೊನ್ನೆ ಭಾರತಿ ಮಾತ್ರ ಫೋನು ಮಾಡಿದ್ದಳು. ಧ್ವನಿ ತಗ್ಗಿಸಿ ಮಾತಾಡಿದಳು. ಅಪ್ಪನ ಪಟ ಮತ್ತೆ ಮಗ್ಗದ ಎದುರಿಗೆ ಬಂದಿದೆಯಂತೆ. ಅದರ ಕೆಳಗಿನ ಗೂಡಿನಲ್ಲಿ ಡಿಸ್ಕು ಇಟ್ಟು ಅಮ್ಮ ದಿನಾ ಒರೆಸುತ್ತಾಳಂತೆ. “ಬೆಳಿಗ್ಗೆಯಿಂದ ಒಬ್ಬಳೇ ಮಾತಾಡ್ತಾಳೆ ಮಾವ. ಒಂದೊಂದ್ಸಲ ಕ್ಷಮಿಸ್ರಿ ಅಂತಾಳೆ. ನಂಗೆ ಭಯ ಆಗ್ತೈತೆ. ಡಾಕ್ಟ್ರಿಗೆ ತೋರಿಸೋಣ್ವಾ?”

ಬೇಡ ಅಂದೆ. ಆರೇಳು ವರ್ಷದ ಮಾತು ಬಾಕಿ ಇದೆ, ಆಡಲಿ ಬಿಡು ಅಂದೆ.