ಹಸನಬೀಗೆ ಮಾರಿದ ಕೂಸು

ತಾವರಗೇರಿಯ ಕನಕಮ್ಮನಿಗೆ ಮೂರು ಕೂಸು ಹುಟ್ಟಿ ಮೂರೂ ಹೋದವು. ನಾಲ್ಕನೆಯದು ಹುಟ್ಟಿದ ದಿನವೇ ಅದನ್ನು ತಿಪ್ಪೆಯ ಮೇಲೆ ಮಲಗಿಸಿದರು. ಓಣಿಯ ಹಸನಬೀ ಬಂದು ಒಂದು ಸೇರು ತೌಡು ಕೊಟ್ಟು ಕೊಂಡಳು. ಫಕೀರಮ್ಮ ಅಂತ ಹೆಸರಿಟ್ಟು, ಸಾಕುವುದಕ್ಕೆ ಕನಕಮ್ಮನ ಕೈಗೇ ಕೊಟ್ಟಳು. ಮಾರಿದ ಕೂಸಿನ ಮೇಲೆ ಸಾವಿನ ಕಣ್ಣು ಬೀಳುವುದಿಲ್ಲ ಅಂತ ಆ ಕಡೆ ಹೀಗೆ ಮಾಡುವುದುಂಟು.

ಬೇರೆ ತಾಯಂದಿರು ಹಲ್ಲು ಬರುವ ಹೊತ್ತಿಗೆ ಇದನ್ನು ಮರೆಯುತ್ತಾರೆ. ಕನಕಮ್ಮ ಮರೆಯಲಿಲ್ಲ. ಮಗಳೇ ಅನ್ನಲಿಲ್ಲ. ತೊಡೆಯ ಮೇಲೆ ಕೂರಿಸಿಕೊಳ್ಳಲಿಲ್ಲ. ಯಾರಾದರೂ "ಛಲೋ ಅದಾಳ ನಿನ್ನ ಮಗಳು" ಅಂದರೆ, "ನಂದಲ್ಲವಾ, ಹಸನಬೀದು" ಅನ್ನುತ್ತಿದ್ದಳು. ಹುಡುಗಿ ಪಕ್ಕದಲ್ಲೇ ನಿಂತಿರುತ್ತಿತ್ತು. ಹಸನಬೀಯ ಮನೆಗೆ ಹೋದರೆ ಅಲ್ಲಿ ಅವಳವೇ ಆರು. ಬೆಲ್ಲ ಸಿಗುತ್ತಿತ್ತು, ಜಾಗ ಸಿಗುತ್ತಿರಲಿಲ್ಲ. "ತೌಡಿನಾಕಿ ಬಂದ್ಲು, ಸರೀರಿ" ಅಂತ ಆ ಮಕ್ಕಳು ನಗುತ್ತಿದ್ದವು. ಯಾವ ಮನೆಯಲ್ಲೂ ಫಕೀರಮ್ಮ ಕಾಲು ಚಾಚಿ ಕೂರಲಿಲ್ಲ.

ಹದಿಮೂರಕ್ಕೆ ನವಲಿಯ ತಿಮ್ಮಣ್ಣನಿಗೆ ಕೊಟ್ಟರು. ಅವನ ಮಾತು ಮೆತ್ತಗೆ. ಒಂದು ದಿನ ಗಂಗಾವತಿ ಸಂತೆಯಿಂದ ಹಸಿರು ಬಳೆ ತಂದ.

"ಇವನ್ನ ಯಾರಿಗೆ ಕೊಟ್ಟು ಬರಬೇಕ್ರಿ?" ಅಂತ ಕೇಳಿದಳು.

"ನಮ್ಮ ಎಮ್ಮಿಗೆ ತೊಡಿಸು" ಅಂತ ನಕ್ಕ. ಅವಳು ನಗದೆ ನಿಂತದ್ದು ಕಂಡು ತಾನೇ ತೊಡಿಸಿದ. ಅವಳ ಕೈ ಕಟ್ಟಿಗೆಯ ಹಾಗೆ ಬಿಗಿದಿತ್ತು.

ಎಂಟು ವರ್ಷ ಬಾಳಿದರು. ಅವನ ಮೇಲೆ ಅವಳಿಗೆ ಜೀವ ಇತ್ತು. ಹೇಳಲಿಲ್ಲ. ಹೇಳುವುದು ಹೇಗೆ ಅಂತ ಗೊತ್ತಿರಲಿಲ್ಲ. ನಲವತ್ತಾರನೇ ಇಸವಿಯ ಬೇಸಿಗೆಯಲ್ಲಿ ಅವನು ವಾಂತಿಭೇದಿಯಾಗಿ ಎರಡೇ ದಿನಕ್ಕೆ ಹೋದ. ಕೊನೆಗೆ ಕೈ ಚಾಚಿದ. ನೀರು ಬೇಕೇನೋ ಅಂತ ಅವಳು ಚೊಂಬು ಕೊಟ್ಟಳು.

ಬೇನೆಯ ಊರಿಗೆ ತವರಿನವರು ಬರಲಿಲ್ಲ. ದಿನಕರ್ಮ ಮುಗಿದ ಮೇಲೆ ಒಂದು ಬೆಳಿಗ್ಗೆ ಅವರ ಮೂರು ವರ್ಷದ ಕೂಸು ದುರಗಮ್ಮ ತಾಯಿಯ ಸೆರಗು ಹಿಡಿದಳು. ಫಕೀರಮ್ಮ ಬಿಡಿಸಿಕೊಂಡಳು. ಬಿಡಿಸಿಕೊಂಡ ಮೇಲೆ ತಿಳಿಯಿತು, ಕನಕಮ್ಮ ಹೀಗೇ ಬಿಡಿಸಿಕೊಳ್ಳುತ್ತಿದ್ದಳು. ಕೂಸನ್ನು ಎತ್ತಿಕೊಂಡು ತವರಿಗೆ ನಡೆದಳು. ತಾಯಿ ಒಮ್ಮೆ ಮಗಳೇ ಅಂದರೆ ತನಗೂ ಆ ಮಾತು ಬಂದೀತು ಅನ್ನುವುದೊಂದೇ ಆಸೆ.

ಕನಕಮ್ಮ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಬಂದವಳ ಬರಿ ಹಣೆ ನೋಡಿದಳು. ಒಳಗಿದ್ದ ಗಂಡನಿಗೆ, "ಹಸನಬೀ ಮಗಳು ಬಂದಾಳ, ನೀರು ಕೊಡ್ರಿ" ಅಂದಳು.

"ಹಸನಬೀ ಸತ್ತು ಐದು ವರ್ಷ ಆತಲ್ಲಬೇ. ಈಗ ನಾ ಯಾರಾಕಿ?"

ಕನಕಮ್ಮ ಜೋಳದೊಳಗಿನ ಹರಳು ಆರಿಸಿ ಎಸೆದಳು.

"ಒಮ್ಮಿ ಅನ್ನಬೇ. ಸಣ್ಣಗರೆ ಅನ್ನು."

"ಮೂರೂ ನನ್ನವು ಅಂದಿದ್ದೆ. ಮೂರನ್ನೂ ಮಣ್ಣಾಗ ಇಟ್ಟೆ. ನಿನಗ ಅನ್ನಲಿಲ್ಲ. ಇಪ್ಪತ್ತೊಂದು ವರ್ಷ ಆತು, ಕಣ್ಣಮುಂದ ನಿಂತೀ." ಕನಕಮ್ಮನ ಮೊರ ಓರೆಯಾಗಿ ಜೋಳ ಚೆಲ್ಲಿತು. "ಕೇಳಬ್ಯಾಡ. ನಾ ಅನ್ನಂಗಿಲ್ಲ."

ಫಕೀರಮ್ಮ ಚೆಲ್ಲಿದ ಜೋಳ ಬಳಿದು ಕೊಟ್ಟಳು. ಸಿಟ್ಟು ಬರಲಿಲ್ಲ. ಒಳಗಿನ ಬರಿದೂ ತುಂಬಲಿಲ್ಲ. ಮೂರು ದಿನ ಇದ್ದು ನವಲಿಗೆ ಹೊರಟಳು.

ಕನಕಗಿರಿಯ ಹಾದಿಯಲ್ಲಿ ಮರ್ದಾನಸಾಬ ಅನ್ನುವವನು ತನ್ನ ಬಂಡಿಗೆ ಹತ್ತಿಸಿಕೊಂಡ. "ಕೂಸು ಭಾಳ ಚಂದ ಐತಿ. ಯಾರದು ತಂಗಿ?"

ಫಕೀರಮ್ಮ ಕೂಸಿಗೆ ಸೆರಗು ಮುಚ್ಚಿದಳು. ಎತ್ತುಗಳು ಹಳ್ಳ ದಾಟಿದವು.

"ಮಾತು ಬರಂಗಿಲ್ಲೇನವಾ?" ಅಂದ.

"ನಂದು" ಅಂದಳು.

ಆಮೇಲೆ ಹದಿನೈದು ದಿನ ಜ್ವರ ಬಂತೇನೋ ಅಂತ ಗಳಿಗೆಗೊಮ್ಮೆ ಕೂಸಿನ ಹಣೆ ಮುಟ್ಟಿ ನೋಡುವುದೇ ಅವಳ ಕೆಲಸವಾಯಿತು.